ದೀಪದ ಕೋಣೆಯ ಪರದೆ

ದೊಡ್ಡಪ್ಪನ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಗೊತ್ತಿದ್ದದ್ದು ನನಗೊಬ್ಬಳಿಗೇ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಆ ಗುಟ್ಟನ್ನು ಇಟ್ಟುಕೊಂಡಿದ್ದೆ. ಕಡಲ ದಡದ ಹಳೇ ದೀಪಸ್ತಂಭದ ಬುಡದಲ್ಲಿ ಟಿಕೆಟ್ ಹರಿಯುವವಳು ನಾನು. ಜನರನ್ನು ಮೇಲೆ ಕರೆದೊಯ್ದು ಅದರ ಕತೆ ಹೇಳುವವರು ಅವರು. ನೂರ ಎಂಬತ್ತೆರಡು ಮೆಟ್ಟಿಲೂ ಅವರ ಪಾದಕ್ಕೆ ಬಾಯಿಪಾಠ. ಎಣ್ಣೆದೀಪದ ಕಾಲದಲ್ಲಿ ಅವರಜ್ಜ ಡಬ್ಬ ಹೊತ್ತು ಹತ್ತಿದ್ದು, ದೊಡ್ಡ ಗಾಜಿನ ಮಸೂರವನ್ನು ಹಡಗಿನಿಂದ ಇಳಿಸುವಾಗ ಹನ್ನೆರಡು ಜನ ಬೆವರಿದ್ದು, ಎಲ್ಲ ಹೇಳುವರು. ಗಲಾಟೆ ಮಕ್ಕಳೂ ಕಣ್ಣರಳಿಸಿ ಕೂರುತ್ತಿದ್ದವು. ಈ ಕೆಲಸ ಬಿಟ್ಟರೆ ದೊಡ್ಡಪ್ಪನಿಗೆ ಬೇರೆ ಬದುಕೇ ಇರಲಿಲ್ಲ.

ಅವರನ್ನು ಇನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ನೋಡಲು ಅವತ್ತು ಮಧ್ಯಾಹ್ನ ಇಲಾಖೆಯ ಸಾಹೇಬರು ಬಂದರು. ಟಿಕೆಟ್ ಕಿಟಕಿ ಮುಚ್ಚಿ ಅವರಿಬ್ಬರ ಹಿಂದೆ ಹತ್ತಿದೆ.

"ನೀನ್ಯಾಕೆ ಬಾಲದ ಥರ?" ದೊಡ್ಡಪ್ಪ ಗದರಿದರು.

"ನಂಗೂ ಕಾಲಿದೆ, ಸುಮ್ನೆ ನಡೀರಿ."

ಕೊನೆಯ ತಿರುವಿನಲ್ಲಿ ಸುಟ್ಟ ವಾಸನೆ. ದೊಡ್ಡಪ್ಪ ಸಾಹೇಬರನ್ನು ಬದಿಗೆ ತಳ್ಳಿ ನುಗ್ಗಿದರು. ಹಗಲಲ್ಲಿ ದೀಪದ ಕೋಣೆಯ ಕಿಟಕಿಗಳಿಗೆಲ್ಲ ಪರದೆ ಎಳೆದು ಮುಚ್ಚಿರಲೇಬೇಕು. ಇಲ್ಲದಿದ್ದರೆ ಮಸೂರ ಬಿಸಿಲನ್ನೆಲ್ಲ ಒಂದೇ ಕಡೆ ಕೂಡಿಸಿ ಬೆಂಕಿ ಹಚ್ಚಿಬಿಡುತ್ತದೆ. ಒಂದು ಪರದೆ ಮೊಳದಷ್ಟು ತೆರೆದಿತ್ತು. ಎದುರಿನ ಮರದ ಹಲಗೆ ಹೊಗೆಯಾಡುತ್ತಿತ್ತು. ದೊಡ್ಡಪ್ಪ ತಡಕಿ ಪರದೆ ಎಳೆದರು. ನಾನು ಕೈಯಲ್ಲಿದ್ದ ಬಾಟಲಿಯ ನೀರೆಲ್ಲ ಹಲಗೆಗೆ ಸುರಿದೆ.

"ಬೆಳಗ್ಗೆ ಪರದೆ ಎಳೆದಿದ್ದು ಯಾರು?" ಸಾಹೇಬರು ಕೆಂಪಗಾಗಿದ್ದರು.

"ನಾನೇ ಸರ್," ಎಂದೆ. ಹಸೀ ಸುಳ್ಳು.

"ನಾಳೆಯಿಂದ ಬರೋದು ಬೇಡಮ್ಮ ನೀನು." ಆಮೇಲೆ ದೊಡ್ಡಪ್ಪನ ಹೆಗಲು ತಟ್ಟಿದರು. "ನೀವಿದ್ದಿದ್ದಕ್ಕೆ ಬಚಾವಾಯ್ತು. ಕೈಲಾಗೋವರೆಗೂ ಇರಿ ಯಜಮಾನ್ರೇ."

ಹಾಳಾಗಿ ಹೋಗಲಿ, ಟಿಕೆಟ್ ಇನ್ನೆಲ್ಲಾದರೂ ಹರಿದೇನು ಎಂದುಕೊಂಡೆ. ದೊಡ್ಡಪ್ಪ ಮಾತಾಡದಿದ್ದರೆ ಸಾಕಿತ್ತು.

"ಅವಳು ಸುಳ್ಳು ಹೇಳ್ತಿದಾಳೆ ಸರ್," ಎಂದರು. "ಎಳೆದೋನು ನಾನು. ಪೂರ್ತಿ ಮುಚ್ಚಿದೀನಿ ಅಂದ್ಕೊಂಡೆ. ನಂಗೆ ಕಣ್ಣು ಕಾಣ್ಸಲ್ಲ."

ಅಯ್ಯೋ ದೇವರೇ! ಎಂಥ ಕೋಪ ಬಂತು ನನಗೆ. ಸಾಹೇಬರು ಕೈ ಚಾಚಿದರು. ದೊಡ್ಡಪ್ಪನಿಗೆ ಅದು ಕಾಣಲಿಲ್ಲ. ನಾನೇ ಅವರ ಸೊಂಟದಿಂದ ದೀಪಸ್ತಂಭದ ಬೀಗದ ಕೈ ಬಿಚ್ಚಿ ಸಾಹೇಬರಿಗೆ ಕೊಟ್ಟೆ.

ಸಾಹೇಬರು ಇಳಿದುಹೋದ ಮೇಲೆ ದೊಡ್ಡಪ್ಪ ಇಳಿಯುವ ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟರು.

"ಸ್ವಲ್ಪ ಕೈ ಕೊಡೇ," ಎಂದರು. "ದಿನಾ ಇಳಿಯೋವಾಗ ಎಷ್ಟು ಹೆದರ್ಕೊಂಡು ಸಾಯ್ತಿದ್ದೆ ಗೊತ್ತಾ?"