ಗೌರಕ್ಕನ ಬಕೆಟ್‌ಗೆ ನಾನು ಕೊಯ್ದ ಗುಲಾಬಿ

ಮೂರು ವರ್ಷದ ಹಿಂದಿನ ಡಿಸೆಂಬರ್. ಹಳೇಬೀಡಿನ ಹೊರಗಿನ ಒಂದು ಪಾಲಿಹೌಸ್‌ನಲ್ಲಿ ನಾನು ಸೂಪರ್‌ವೈಸರ್. ವಯಸ್ಸು ಇಪ್ಪತ್ನಾಲ್ಕು, ಹುದ್ದೆಯ ಹೆಸರೇ ನನಗಿಂತ ಉದ್ದ. ಬೆಳೆ ಕಡುಗೆಂಪು ಹೈಬ್ರಿಡ್ ಟೀ ಗುಲಾಬಿ: ನೀಳ ಕಡ್ಡಿ, ತುದಿಗೆ ಒಂದೇ ಹೂ. ಯಜಮಾನರು ಅರಸೀಕೆರೆಯ ಪರಮೇಶಪ್ಪನವರು. ಕೊಬ್ಬರಿ ವ್ಯಾಪಾರದಿಂದ ಹೂವಿಗೆ ಬಂದವರು, ಕೊಬ್ಬರಿಯಂತೆ ಗುಲಾಬಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೇನೋ ಎಂದು ನಾವು ಕಾಯುತ್ತಿದ್ದೆವು. ಅವರ ಕೆಮ್ಮು, ನಡಿಗೆ ನನಗೆ ಬಾಯಿಪಾಠ. ಅವರಿಲ್ಲದಾಗ, ಕೆಲಸದವರನ್ನು ನಗಿಸಲು, ನಾನೇ ಅವರು.

ಮೊಗ್ಗಿನ ಹಸಿರು ಹೊದಿಕೆ ಕೆಳಗೆ ಬಾಗಿ, ಹೊರಗಿನ ಒಂದೆರಡು ಎಸಳು ಸಡಿಲವಾಗುವಾಗ ಹೂ ಕೊಯ್ಯಬೇಕು. ಬೇಗ ಕೊಯ್ದರೆ ಅರಳುವುದಿಲ್ಲ, ಕತ್ತು ಜೋತುಬೀಳುತ್ತದೆ. ಇದಕ್ಕೆ ‘ಬೆಂಟ್ ನೆಕ್’ ಅನ್ನುತ್ತೇವೆ. ಗೆಂಡೆಹಳ್ಳಿಯಿಂದ ಬರುತ್ತಿದ್ದ ಗೌರಕ್ಕನಿಗೆ ಒಂದು ಕಣ್ಣಲ್ಲಿ ಪೊರೆ. ಆಕೆ ಮೊಗ್ಗಿನ ಹೊಟ್ಟೆಗೆ ಹೆಬ್ಬೆರಳು ಒತ್ತಿ, ಒಂದು ಗಳಿಗೆ ನಿಂತು, ಕೊಯ್ಯುತ್ತಿದ್ದಳು ಇಲ್ಲವೇ ಬಿಡುತ್ತಿದ್ದಳು. ಆಕೆಯ ಹೂ ಒಂದೂ ವಾಪಸು ಬಂದದ್ದಿಲ್ಲ. ಕೊಯ್ಯುವವರ ಹೆಸರು ಬಕೆಟ್ ಮೇಲೂ ಇರುತ್ತಿತ್ತು, ಪೆಟ್ಟಿಗೆಯ ಚೀಟಿಯ ಮೇಲೂ.

ಒಂದು ಶನಿವಾರ ಆಕೆ ರಜೆ ಹಾಕಿ ಮಾಲೇಕಲ್ಲಿನ ದೇವಸ್ಥಾನಕ್ಕೆ ಹೋದಳು. ಆಕೆಯ ಸಾಲುಗಳಿಗೆ ನಾನಿಳಿದೆ. ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಒತ್ತಿ, ಆಕೆಯದೇ ದನಿಯಲ್ಲಿ, “ಇದಕ್ಕೆ ಜ್ವರ ಐತೆ, ಕುಯ್ಯಿ. ಇದು ಸುಳ್ಳು ಹೇಳ್ತೈತೆ, ಇದ್ನೂ ಕುಯ್ಯಿ,” ಅನ್ನುತ್ತ ಹೋದೆ. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ನಗು ಬಂದಷ್ಟೂ ನನ್ನ ಕತ್ತರಿ ಓಡಿತು. ಮೊಗ್ಗನ್ನು ನಾನು ನೋಡಲೇ ಇಲ್ಲ. ಎಲ್ಲವೂ ಗೌರಕ್ಕನ ಬಕೆಟ್‌ಗೆ ಬಿತ್ತು.

ಬುಧವಾರ ಬೆಂಗಳೂರಿನ ಖರೀದಿದಾರರು ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರು. ಇಪ್ಪತ್ತರ ಕಟ್ಟುಗಳಲ್ಲಿ ಹೂಗಳೆಲ್ಲ ತಲೆತಗ್ಗಿಸಿದ್ದವು. ಪಕ್ಕದಲ್ಲಿ ಗೌರಮ್ಮ ಎಂಬ ಚೀಟಿ.

“ಆಯಮ್ಮಂಗೆ ಕಣ್ಣು ಹೋಗೈತೆ. ನಾಳೆಯಿಂದ ಬ್ಯಾಡ ಅಂತ ಹೇಳು ಕಣ್ಲಾ ಮಂಜ,” ಅಂದರು ಪರಮೇಶಪ್ಪನವರು.

ಆಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಗೌರಕ್ಕನ ಹತ್ತಿರ ಹೋಗಿ, ಹೂ ಕತ್ತು ಬಗ್ಗಿಸಿವೆ ಎಂದಷ್ಟೇ ಹೇಳಿದೆ. ಯಾವ ದಿನದ ಹೂ ಎಂದು ಆಕೆ ಕೇಳಲಿಲ್ಲ.

“ಕಣ್ಣು ಹೋದ್ರೆ ಹೋಗ್ಲಿ, ಕೈ ಐತಲ್ಲ ಅಂದ್ಕಂಡಿದ್ದೆ ಕಣಪ್ಪ,” ಅಂದಳು. ಒಂದು ಮೊಗ್ಗಿಗೆ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಕೊಯ್ಯಲಾಗಲಿಲ್ಲ. ಕತ್ತರಿಯನ್ನು ಸೆರಗಲ್ಲಿ ಒರೆಸಿ ನನ್ನ ಕಡೆ ಚಾಚಿದಳು.

ನಾನದನ್ನು ತೆಗೆದುಕೊಳ್ಳದೆ ಸೀದಾ ಯಜಮಾನರ ಬಳಿ ಹೋದೆ.

“ಆ ಹೂ ಕುಯ್ದಿದ್ದು ನಾನು ಯಜಮಾನ್ರೇ.”

ಅವರು ನಕ್ಕುಬಿಟ್ಟರು. “ಇದು ಯಾರ ದನಿಲಾ? ಚೆನ್ನಾಗೈತೆ.”

“ನಂದೇ.”

ಆಮೇಲೂ ಅವರು ನಗುತ್ತಿದ್ದರು. ಇಷ್ಟು ದಿನ ಸಂಪಾದಿಸಿದ ಹೆಸರು ಇದು: ನಾನು ನಿಜ ಹೇಳಿದರೂ ಜನ ಮುಂದಿನ ಜೋಕಿಗೆ ಕಾಯುತ್ತಾರೆ. ಹಾಜರಿ ಪುಸ್ತಕ ತೆರೆದು, ಆ ಹೂ ಕೊಯ್ದ ಶನಿವಾರ ಗೌರಮ್ಮನ ಹೆಸರಿನ ಮುಂದಿದ್ದ ರಜೆಯ ಗುರುತು ತೋರಿಸಿದೆ. ಆಕೆಯನ್ನು ಅಣಕಿಸಿ ಹೆಂಗಸರನ್ನು ನಗಿಸುತ್ತ ಕೊಯ್ದದ್ದನ್ನೂ ಹೇಳಿದೆ. ಅವರ ನಗು ನಿಂತಿತು.

“ಅವತ್ತು ಯಾರ್ ಯಾರು ನಕ್ರೋ, ಅವರೆಲ್ಲರ ಮುಂದೆ ಹೋಗಿ ಹೇಳು.”

ಹೇಳಿದೆ. ಯಾರೂ ನಗಲಿಲ್ಲ. ಗೌರಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ತನ್ನ ಹೆಬ್ಬೆರಳನ್ನೇ ನೋಡುತ್ತ ಕೇಳಿದಳು:

“ಹಂಗಾರೆ ನನ್ ಕೈ ಸರಿಯಾಗೇ ಐತಾ?”

ಆ ಹಂಗಾಮು ಮುಗಿಯುವವರೆಗೆ ಸೂಪರ್‌ವೈಸರ್‌ಗಿರಿ ಬಿಟ್ಟು ಆಕೆಯ ಪಕ್ಕದ ಸಾಲಲ್ಲಿ ಹೂ ಕೊಯ್ದೆ. ಮೊದಲ ವಾರ ಆಕೆ ನನಗೆ ಕತ್ತರಿಯನ್ನೇ ಕೊಡಲಿಲ್ಲ, ಬರೀ ಮೊಗ್ಗು ಮುಟ್ಟಿಸಿದಳು. ಈಗ ಹೊಸಬರಿಗೆ ಕಟಾವು ಕಲಿಸುವವನು ನಾನು. ಯಜಮಾನರ ಕೆಮ್ಮು ಇನ್ನೂ ಕೆಮ್ಮುತ್ತೇನೆ, ಎಲ್ಲರನ್ನೂ ನಗಿಸುತ್ತೇನೆ. ಆದರೆ ಬೇರೆಯವರ ಸಾಲಿಗೆ ಇಳಿಯುವ ದಿನ, ಮೊದಲು ಬಕೆಟ್ ಮೇಲಿನ ಚೀಟಿ ಕಿತ್ತು ನನ್ನ ಹೆಸರು ಅಂಟಿಸುತ್ತೇನೆ.