ಮೂಲಾ ನಕ್ಷತ್ರದ ಸೊಸೆ, ಜವಳಗೇರಾದ ಮಾವ

ನಮ್ಮ ಮನೆಯಲ್ಲಿ ದೇವರ ಜಗಲಿ ಇರಲಿಲ್ಲ. ನಕ್ಷತ್ರವೊಂದು ಮಾತ್ರ ಇತ್ತು. ಅಪ್ಪ ತಮ್ಮ ಹರೆಯದಲ್ಲೇ ಬುದ್ಧನ ದಾರಿಗೆ ಬಂದವರು. ಲಿಂಗಸುಗೂರಿನ ಎರಡು ಕೋಣೆಯ ಮನೆಯಲ್ಲಿ ಜಗಲಿಯನ್ನು ತೆಗೆಸಿ, ಅದೇ ಗೋಡೆಗೆ ಬುದ್ಧನ ಪಟ ಹಾಕಿ, ಪಂಚಾಂಗ, ಮುಹೂರ್ತಗಳನ್ನೆಲ್ಲ ಒಮ್ಮೆಗೇ ನಿಲ್ಲಿಸಿದ್ದರು. ಆದರೆ ನನ್ನ ತಂಗಿ ಹುಟ್ಟಿದಾಗ ಅಜ್ಜಿ ಅಪ್ಪನಿಗೆ ತಿಳಿಯದಂತೆ ಪಂಚಾಂಗ ನೋಡುವವರ ಬಳಿ ಹೋಗಿ ಬಂದಿದ್ದಳು. ಹುಡುಗಿಯದು ಮೂಲಾ ನಕ್ಷತ್ರ ಎಂದು ಅವರು ಹೇಳಿದರು. ಆ ನಕ್ಷತ್ರದ ಹೆಣ್ಣು ಸೊಸೆಯಾಗಿ ಹೋದ ಮನೆಯಲ್ಲಿ ಮಾವ ಬಹಳ ದಿನ ಬದುಕುವುದಿಲ್ಲ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಅಪ್ಪ ಸಿಟ್ಟಾದರು, ಅಜ್ಜಿ ಅತ್ತಳು, ಮಾತು ಅಲ್ಲಿಗೆ ನಿಂತಿತು. ಗೋಡೆಯ ಮೇಲಿದ್ದುದನ್ನು ಅಪ್ಪ ಕೆಳಗಿಳಿಸಬಲ್ಲವರಾಗಿದ್ದರು. ಕಿವಿಗೆ ಬಿದ್ದುದನ್ನು ಯಾರು ಇಳಿಸಬೇಕು? ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಬಳಗಕ್ಕೆ ಅದು ದಾಟಿಕೊಂಡು ಹೋಯಿತು.

ತಂಗಿಗೆ ಮದುವೆ ಮಾಡಬೇಕಾದ ಹೊತ್ತಿಗೆ ಅಪ್ಪ ಇರಲಿಲ್ಲ. ಅವಳು ಓದು ಮುಗಿಸಿ, ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ನಾನು ಊರಿನಲ್ಲೇ ಕಾಲೇಜು ಉಪನ್ಯಾಸಕ. ವಿದ್ಯಾರ್ಥಿಯಾಗಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದನ್ನು ಬದುಕಿನಲ್ಲಿ ನಡೆಸಬೇಕೆಂಬ ಹಟ ಆಗಲೂ ಇತ್ತು, ಈಗಲೂ ಇದೆ. ವಾದ ಸರಿಯಾಗಿದ್ದರೆ ಮನುಷ್ಯ ಒಪ್ಪುತ್ತಾನೆ, ಒಪ್ಪಿದರೆ ಬದಲಾಗುತ್ತಾನೆ ಎಂದು ನಾನು ತಿಳಿದಿದ್ದೆ.

ಸಂಬಂಧ ಕೂಡಿಸುವ ಹಿರಿಯರೊಬ್ಬರು ಒಂದು ಭಾನುವಾರ ಬಂದು ಕೂತರು. ‘ಮಸ್ಕ್ಯಾಗ ಒಂದು ಮನಿ ಐತಿ ನೋಡ್ರಿ. ಹುಡುಗಗ ವಯಸ್ಸು ಸ್ವಲ್ಪ ಹೆಚ್ಚು. ಆದ್ರ ತಂದಿ ತೀರ್ಕೊಂಡಾನ, ನಿಮಗ ಅನುಕೂಲ.’

ಮನೆಗೆ ನಳದ ನೀರು ಬರುತ್ತದೆ, ಬಸ್‌ ನಿಲ್ದಾಣ ಹತ್ತಿರವಿದೆ ಎನ್ನುವ ಧಾಟಿಯಲ್ಲೇ ಅವರು ಒಬ್ಬ ತಂದೆಯ ಸಾವನ್ನು ಹೇಳಿದ್ದರು. ನಾನು ಸುಮ್ಮನಿರಲಿಲ್ಲ. ಮಾವಂದಿರು ಸಾಯದ ಮನೆ ಭೂಮಿಯ ಮೇಲೆ ಎಲ್ಲಿದೆ, ಹಾಗೆ ಸತ್ತ ಮಾವಂದಿರ ಸೊಸೆಯರೆಲ್ಲ ಒಂದೇ ನಕ್ಷತ್ರದವರೇ, ಮೂಲಾ ನಕ್ಷತ್ರದ ಗಂಡಸು ಅಳಿಯನಾದರೆ ಯಾರು ಸಾಯಬೇಕು ಎಂದು ಒಂದೊಂದಾಗಿ ಕೇಳಿದೆ. ಅವರು ಶ್ರದ್ಧೆಯಿಂದ ಕೇಳಿಸಿಕೊಂಡರು. ‘ನೀವ್ ಹೇಳಾದು ಖರೇನ ಐತ್ರಿ ಸರ್’ ಎಂದು ಒಪ್ಪಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಅವ್ವನಿಗೆ, ‘ಚಿಂತಿ ಮಾಡಬ್ಯಾಡವ್ವಾ, ತಂದಿ ಇಲ್ಲದ ಮನಿನೇ ನೋಡ್ತೀನಿ’ ಎಂದು ಭರವಸೆ ಕೊಟ್ಟು ಹೋದರು.

ಕೊನೆಗೆ ಸಂಬಂಧ ಬಂದದ್ದು ಜವಳಗೇರಾದಿಂದ, ತಂದೆ ಇದ್ದ ಮನೆಯಿಂದಲೇ. ಅವರೂ ನಮ್ಮಂತೆ ಬುದ್ಧನ ಪಟವಿದ್ದ ಮನೆಯವರು. ಹುಡುಗ ಸಿಂಧನೂರಿನಲ್ಲಿ ಲೈನ್‌ಮನ್. ತಂದೆ ಕಾಲುವೆಯ ಮೇಲೆ ನೀರು ಬಿಡುವ ಕೆಲಸ ಮಾಡಿ ನಿವೃತ್ತರಾದವರು; ಎತ್ತರದ ಆಳು, ಬೀಡಿಯ ವಾಸನೆ, ದೊಡ್ಡ ನಗು. ನಾನು ಮುಚ್ಚಿಡಬಾರದೆಂದು ನಕ್ಷತ್ರದ ವಿಷಯವನ್ನು ಮೊದಲೇ ಹೇಳಿದೆ.

‘ಇಡೀ ನೌಕರಿ ಕಾಲುವಿ ದಂಡಿಗೆ ಮಾಡೀನ್ರಿ ಮಾಸ್ತರ’ ಎಂದರು ಅವರು. ‘ಎಷ್ಟು ಹಾವು ತುಳದೀನಿ, ಲೆಕ್ಕ ಇಲ್ಲ. ನೆಲದ ಮ್ಯಾಗಿನ ಹಾವು ಏನೂ ಮಾಡ್ಲಿಲ್ಲ, ಮುಗಲಾಗಿನ ಚಿಕ್ಕಿ ಏನ್ ಮಾಡ್ತೈತಿ?’

ಎಲ್ಲರೂ ನಕ್ಕರು. ಅವರ ಹೆಂಡತಿ ಮಾತ್ರ ನಗದೆ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು. ಆ ಬೆರಳನ್ನು ನಾನು ನೋಡಿದೆ. ಆದರೆ ಗೆದ್ದ ಸಂತೋಷದಲ್ಲಿದ್ದೆ.

ಮದುವೆ ಸರಳವಾಗಿ ಆಯಿತು. ತಂಗಿ ಜವಳಗೇರಾದಿಂದಲೇ ಕೆಲಸಕ್ಕೆ ಹೋಗಿಬರತೊಡಗಿದಳು. ಬೀಗರು ಅವಳನ್ನು ಹೆಸರು ಹಿಡಿದು ಕರೆಯದೆ ‘ಕಂಡಕ್ಟರ್’ ಎಂದೇ ಕರೆಯುತ್ತಿದ್ದರು. ಆ ವರ್ಷದ ಭತ್ತದ ಕೊಯ್ಲು ನಡೆದಿದ್ದಾಗ, ಒಂದು ಮಧ್ಯಾಹ್ನ ಅವ್ವ ಕಾಲೇಜಿಗೆ ಫೋನು ಮಾಡಿದಳು.

‘ಬೀಗರಿಗೆ ಎದಿ ನೋವು ಬಂದೈತಂತ. ಸಿಂಧನೂರು ದವಾಖಾನಿಗೆ ಹಾಕ್ಯಾರ. ಹೋಗಪ್ಪಾ, ಲಗೂನ ಹೋಗು. ನನ್ನ ಮಗಳನ್ನ ಏನಂತಾರೋ.’

ಅವ್ವನ ಧ್ವನಿಯಲ್ಲಿ ಬೀಗರ ಚಿಂತೆಗಿಂತ ಮಗಳ ಚಿಂತೆಯೇ ದೊಡ್ಡದಾಗಿತ್ತು. ಅದಕ್ಕೆ ಅವಳನ್ನು ದೂರಲಾರೆ. ಸಿಂಧನೂರಿನ ಬಸ್ಸು ಹತ್ತಿ ಕೂತ ನಾನು ಮಾಡಿದ್ದೂ ಅದನ್ನೇ. ಬೀಗರಿಗೆ ಸಕ್ಕರೆ ಕಾಯಿಲೆಯಿತ್ತು, ಬೀಡಿ ಬಿಟ್ಟಿರಲಿಲ್ಲ, ವಯಸ್ಸಾಗಿತ್ತು. ಮಸ್ಕಿ ದಾಟುವಷ್ಟರಲ್ಲಿ ಈ ಕಾರಣಗಳನ್ನೆಲ್ಲ ಒಂದು ಕ್ರಮದಲ್ಲಿ ಜೋಡಿಸಿ, ಸಾವಿನ ಮನೆಯಲ್ಲಿ ಯಾರು ಏನೆಂದರೆ ಏನು ಉತ್ತರ ಕೊಡಬೇಕು ಎಂಬುದನ್ನು ಸಿದ್ಧಮಾಡಿಕೊಂಡಿದ್ದೆ. ಕಿಟಕಿಯಾಚೆ ಒಣನೆಲ ಮುಗಿದು ಕಾಲುವೆಯ ಗದ್ದೆಗಳು ಶುರುವಾದವು. ಕೊಯ್ಲಿನ ಯಂತ್ರಗಳು ಎದ್ದ ಧೂಳಿನಲ್ಲಿ ಓಡಾಡುತ್ತಿದ್ದವು. ಆಗ ಹೊಳೆಯಿತು: ಮನುಷ್ಯ ಇನ್ನೂ ಸತ್ತಿಲ್ಲ. ಅವರು ಬದುಕಿ ಉಳಿಯಬೇಕೆಂದು ಆಸೆಪಡುವುದರ ಬದಲು ಅವರ ಸಾವಿಗೆ ಸಮರ್ಥನೆ ಹುಡುಕುತ್ತಿದ್ದೇನೆ.

ಆಮೇಲೆ ಬರಿದೇ ಭಯವಾಯಿತು. ಅವರು ಹೋದರೆ ನನ್ನ ಕಾರಣಗಳೆಲ್ಲ ನಿಜವಾಗಿಯೇ ಉಳಿಯುತ್ತವೆ, ಆದರೆ ಅವು ಯಾರ ಕಿವಿಯನ್ನೂ ಮುಟ್ಟುವುದಿಲ್ಲ. ತಂಗಿ ಆ ಮನೆಯಲ್ಲಿ ಜೀವನಪೂರ್ತಿ ಮಾವನನ್ನು ತಿಂದವಳಾಗಿ ಬದುಕಬೇಕಾಗುತ್ತದೆ. ಮುದಿ ಎದೆಯೊಂದು ತನ್ನ ಪಾಡಿಗೆ ತಾನು ನಿಂತರೂ ಅದು ಒಂದು ಸುಳ್ಳಿಗೆ ಸಾಕ್ಷಿ ಹೇಳಿ ನಿಲ್ಲುತ್ತದೆ. ಇವತ್ತು ಬೇಡ, ಇನ್ನೊಂದಷ್ಟು ವರ್ಷ ಬೇಡ ಎಂದು ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆನೋ ನನಗೆ ತಿಳಿಯದು. ಬೇಡಿಕೊಂಡದ್ದಂತೂ ನಿಜ.

ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಬೀಗತಿಯವರೂ ಅವರ ನಾದಿನಿಯೂ ಕೂತಿದ್ದರು. ತಂಗಿಯ ಗಂಡ ಔಷಧ ತರಲು ಹೋಗಿದ್ದ. ತಂಗಿ ಅವರಿಂದ ದೂರ, ಕುಡಿಯುವ ನೀರಿನ ನಳದ ಹತ್ತಿರ, ಖಾಕಿ ಬಟ್ಟೆಯಲ್ಲೇ ನಿಂತಿದ್ದಳು. ಸುದ್ದಿ ಬಂದಾಗ ಅವಳು ಕೆಲಸದ ಮೇಲಿದ್ದಳು. ಬಸ್ಸು ಸಿಂಧನೂರು ಮುಟ್ಟಿದೊಡನೆ ನೇರವಾಗಿ ಇಲ್ಲಿಗೆ ಬಂದಿದ್ದಳು. ಬೆಂಚಿನ ಮೇಲೆ ಜಾಗವಿತ್ತು. ಕೂಡು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ನಾದಿನಿ ನನ್ನನ್ನು ನೋಡಿ, ‘ಬಂದ್ರು ನೋಡು ಭಾಷಣದವರು’ ಎಂದರು. ‘ನಾ ಮೊದಲ ಹೇಳಿದ್ದೆ. ಓದಿದವರ ಮುಂದ ನಮ್ಮ ಮಾತು ನಡೀಲಿಲ್ಲ.’

ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ಬಂದು ನನ್ನ ತೋಳು ಹಿಡಿದಳು. ‘ಅಣ್ಣಾ, ಇಲ್ಲಿ ಬ್ಯಾಡ. ಒಳಗ ಮಲಗಿದಾವ ನನ್ನ ಮಾವ. ನೀ ವಾದ ಗೆಲ್ಲಾಕ ಮಲಗಿಲ್ಲ ಅವ.’

ಕಾಯುವುದೊಂದೇ ಉಳಿದಿತ್ತು. ತಂಗಿ ಚಹಾ ತಂದು ಅತ್ತೆಯ ಮುಂದೆ ಹಿಡಿದಳು. ಅವರು ತೆಗೆದುಕೊಳ್ಳಲಿಲ್ಲ, ಬೇಡ ಎನ್ನಲೂ ಇಲ್ಲ. ಲೋಟವನ್ನು ಬೆಂಚಿನ ತುದಿಗೆ ಇಟ್ಟು ಅವಳು ಮತ್ತೆ ನಳದ ಬಳಿ ಹೋಗಿ ನಿಂತಳು. ಚಹಾದ ಮೇಲೆ ಕೆನೆ ಕಟ್ಟಿತು.

ಬಿಸಿಲು ಇಳಿಯುವ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ‘ಟೈಮಿಗೆ ಸರಿಯಾಗಿ ತಂದೀರಿ. ಹೆಪ್ಪು ಕರಗಾಕ ಸೂಜಿ ಕೊಟ್ಟೀವಿ, ಕೆಲಸ ಮಾಡೇತಿ. ಮುಂದ ರಾಯಚೂರಿಗೆ ಹೋಗಿ ಒಮ್ಮೆ ತೋರಸ್ರಿ. ಈಗ ಅಂಜಾದೇನಿಲ್ಲ.’ ಒಂದು ಹೆಜ್ಜೆ ಹೋಗಿ ತಿರುಗಿದರು. ‘ಯಾರೋ ಕಂಡಕ್ಟರ್ ಅಂತ ಕೇಳಾಕತ್ತಾರಲ್ಲ, ಯಾರವರು? ಒಬ್ಬರು ಮಾತ್ರ ಒಳಗ ಹೋಗಬಹುದು.’

ನಾದಿನಿ ಎದ್ದು ನಿಂತರು. ‘ಆಕಿ ಬ್ಯಾಡ್ರಿ. ಈಗ ಇಷ್ಟು ಪಾರಾಗ್ಯಾನ, ಆಕಿ ಮಾರಿ ತೋರಸಬ್ಯಾಡ್ರಿ.’

ತಂಗಿ ಕದಲಲಿಲ್ಲ. ಬೀಗತಿಯವರು ಒಮ್ಮೆ ಬಾಗಿಲನ್ನು, ಒಮ್ಮೆ ಸೊಸೆಯನ್ನು ನೋಡಿದರು. ಅವರ ಮುಖದಲ್ಲಿ ದ್ವೇಷವಿರಲಿಲ್ಲ. ಗಂಡನನ್ನು ಕಳೆದುಕೊಳ್ಳುವ ಅಂಜಿಕೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಡಾಕ್ಟರನ್ನೇ ಕೇಳಿದರು: ‘ಸಾಹೇಬ್ರ, ಆಕಿ ಒಳಗ ಹೋದ್ರ ಅವರಿಗೇನೂ ಆಗಂಗಿಲ್ಲ, ಹೌದಲ್ರಿ?’

ಡಾಕ್ಟರಿಗೆ ಪ್ರಶ್ನೆಯ ಆಳ ತಿಳಿಯಲಿಲ್ಲ. ತಂಗಿಯ ಕಾಲ ಕಡೆ ನೋಡಿ, ‘ಏನೂ ಆಗಂಗಿಲ್ಲ. ಬೂಟು ಹೊರಗ ಬಿಟ್ಟು ಹೋಗ್ಲಿ’ ಎಂದರು.

‘ಹೋಗವ್ವಾ’ ಎಂದರು ಬೀಗತಿ.

ತಂಗಿ ಬೂಟು ಬಿಚ್ಚಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ಬೀಗತಿಯವರು ಆ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ನನಗೂ ಎದೆ ಬಡಿದುಕೊಳ್ಳುತ್ತಿತ್ತು. ನಂಬದವನಿಗೆ ಯಾಕೆ ಬಡಿದುಕೊಳ್ಳಬೇಕು? ಒಳಗಿನಿಂದ ಬೀಗರ ಕೆಮ್ಮು ಕೇಳಿತು, ಕೆಮ್ಮಿನ ಹಿಂದೆ ಅವರ ಧ್ವನಿ: ‘ಬಸ್ ಯಾರ ಕೈಯಾಗ ಬಿಟ್ಟು ಬಂದಿ?’ ಬೀಗತಿಯವರು ಕೈಚಾಚಿ ಆರಿದ ಚಹಾ ತೆಗೆದುಕೊಂಡು, ಕೆನೆಯೊಂದಿಗೇ ಒಂದೇ ಗುಟುಕಿಗೆ ಕುಡಿದುಬಿಟ್ಟರು.

ಬೀಗರು ರಾಯಚೂರಿಗೆ ಹೋಗಿ ತೋರಿಸಿಕೊಂಡು ಮನೆಗೆ ಬಂದ ಮೇಲೆ ನಾನೂ ಅವ್ವನೂ ಜವಳಗೇರಾಕ್ಕೆ ಹೋದೆವು. ಅಂಗಳದ ಹೊರಸಿನ ಮೇಲೆ ಅವರು ದಿಂಬಿಗೆ ಒರಗಿದ್ದರು. ನೋಡಲು ಬಂದವರಿಗೆ ಬೀಗತಿಯವರು ಹೇಳುತ್ತಿದ್ದರು: ‘ನಮ್ಮ ಸೊಸಿ ಕಾಲ್ಗುಣ ಛಲೋ ಐತ್ರಿ. ಆಕಿ ಮನಿಗೆ ಬಂದಾಳಂತ ಗಂಡಾಂತರ ದಾಟ್ತು, ಇಲ್ಲಂದ್ರ ಆವತ್ತೇ ಹೋಗತಿದ್ರು.’ ನಾದಿನಿಯೂ ತಲೆಯಾಡಿಸುತ್ತಿದ್ದರು. ಅವ್ವನಿಗೆ ಕಣ್ಣೀರೇ ಬಂತು.

ಇದೂ ಮೂಢನಂಬಿಕೆಯೇ ಎಂದು ನನಗೆ ಗೊತ್ತಿತ್ತು. ಆದರೆ ನನ್ನ ತಂಗಿ ಆ ಮನೆಯಲ್ಲಿ ಸುಖವಾಗಿರುತ್ತಾಳೆ ಎಂಬ ನೆಮ್ಮದಿ ಅದಕ್ಕಿಂತ ದೊಡ್ಡದಾಗಿತ್ತು. ಇದೊಂದನ್ನು ಹಾಗೇ ಬಿಟ್ಟರೆ ಯಾರಿಗೇನು ನಷ್ಟ ಎಂದುಕೊಂಡು ನಾನೂ ತಲೆಯಾಡಿಸಿದೆ.

ಕೆಲಸ ಮುಗಿಸಿ ಆಗತಾನೇ ಬಂದ ತಂಗಿ ಚೀಲ ಇಳಿಸುತ್ತ ಆ ಮಾತು ಕೇಳಿದಳು. ‘ಬ್ಯಾಡ್ರಿ ಅತ್ತಿ’ ಎಂದಳು. ‘ಇವತ್ತು ನನ್ನ ಕಾಲ್ಗುಣ ಅಂದ್ರ, ನಾಳಿ ಮಾವಗ ನೆಗಡಿ ಬಂದ್ರೂ ನನ್ನ ಕಾಲೇ ಆಗ್ತೈತಿ.’

‘ನೆಗಡಿ ಬಂದೇ ಐತಿ’ ಎಂದರು ಬೀಗರು ಹೊರಸಿನಿಂದ.

‘ನೀವ್ ಸುಮ್ನಿರ್ರಿ’ ಎಂದು ಗಂಡನನ್ನು ಗದರಿ ಬೀಗತಿಯವರು ಸೊಸೆಯತ್ತ ತಿರುಗಿದರು. ‘ಹಂಗಾರ ಯಾರ ಗುಣ ಅಂತ ಅನ್ಬೇಕು?’

‘ನಿಮ್ದು. ನಿಮ್ಮ ಮಗ ನನಗ ಎಲ್ಲಾ ಹೇಳ್ಯಾನ. ಆಜೂಬಾಜೂ ಮಂದಿ ಗ್ಯಾಸ್ ಇರಬೇಕು, ಸೋಡಾ ಕುಡಸ್ರಿ ಅಂದ್ರು. ನಿಮ್ಮ ಮಗನೂ ಹೌದು ಅಂದ. ನೀವು ಮಾರಿ ಮ್ಯಾಲಿನ ಬೆವರು ನೋಡಿ, ಇದು ಗ್ಯಾಸ್ ಅಲ್ಲ, ಬೈಕ್ ತೆಗಿ ಅಂದ್ರಿ. ಡಾಕ್ಟ್ರು ಟೈಮಿಗೆ ತಂದೀರಿ ಅಂದ್ರಲ್ಲ, ಟೈಮಿಗೆ ತಂದವರು ನೀವು.’

ಬೀಗತಿಯವರು ಗಂಡನ ಮುಖ ನೋಡಿದರು. ಅವರು ಈ ಸಲ ತಮಾಷೆ ಮಾಡದೆ, ‘ಹೌದು, ನೀನೇ ಒದರ್‍ಯಾಡಿದ್ದು’ ಎಂದರು. ನಾನು ಚರ್ಚಾವೇದಿಕೆಗಳಲ್ಲಿ ಬಹಳ ಮಂದಿ ಸೋತು ತಲೆತಗ್ಗಿಸಿದ್ದನ್ನು ನೋಡಿದ್ದೇನೆ. ಒಂದು ಮಾತನ್ನು ಒಪ್ಪಿಕೊಂಡವರ ಬೆನ್ನು ನೆಟ್ಟಗಾದದ್ದನ್ನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಬಳಗಾನೂರಿನಿಂದ ಬೀಗತಿಯವರ ತವರಿನವರು ಬಂದರು. ಕುಶಲ ಕೇಳುತ್ತ ಕೂತರು, ಏನಾಗಿತ್ತು ಎಂದು ವಿಚಾರಿಸಿದರು. ಬೀಗತಿಯವರು ಸೆರಗು ಸರಿಮಾಡಿಕೊಂಡು, ಹೊರಸಿನ ತುದಿಗೆ ಗಂಡನ ಕಾಲ ಬಳಿ ಕೂತು, ಮೊದಲಿನಿಂದ ಹೇಳತೊಡಗಿದರು:

‘ನಾ ಒಳಗ ರೊಟ್ಟಿ ಬಡಿಯಾಕತ್ತಿದ್ದೆ. ಇವರ ದನಿ ಯಾಕೋ ಬ್ಯಾರೆ ಕೇಳಿಸ್ತು. ಹೊರಗ ಬಂದು ಮಾರಿ ನೋಡಿದೆ...’