ಸುಳ್ಯದಲ್ಲಿ ಬ್ಲೂಸಿಗೆ ಅರ್ಥ ಹೇಳಿದ್ದು

ಅಮೆರಿಕದ ಕರಿಯರ ಹಾಡುಗಳಾದ ಬ್ಲೂಸ್ ಕೇಳಲು ಹೊರಟವರು ಯಾರಿಂದ ಶುರು ಮಾಡಬೇಕು ಎಂದು ಈಗಲೂ ಯಾರಾದರೂ ನನ್ನನ್ನು ಕೇಳುವುದುಂಟು. ಒಂದು ಕಾಲದಲ್ಲಿ ಈ ಪ್ರಶ್ನೆಗೆ ನನ್ನಲ್ಲಿ ನಾಲ್ಕು ಹಂತಗಳ ಉತ್ತರ ಸಿದ್ಧವಿತ್ತು. ಸಂಗೀತ ಚೆನ್ನಾಗಿದೆ ಎಂದು ಹೇಳಿ ಸುಮ್ಮನಾಗುವುದು ಯಾರಿಗಾದರೂ ಸಾಧ್ಯ. ಅದಕ್ಕೊಂದು ಪಠ್ಯಕ್ರಮ ಮಾಡಬೇಕಾದರೆ ಎಂ.ಎ. ಆಗಿರಬೇಕು. ನನಗೆ ಆಗಿತ್ತು.

ಮೈಸೂರಿನ ಹಾಸ್ಟೆಲಿನಲ್ಲಿದ್ದ ಒಬ್ಬ ವಿದೇಶಿ ವಿದ್ಯಾರ್ಥಿಯ ರೆಕಾರ್ಡುಗಳಿಂದ ತುಂಬಿಸಿಕೊಂಡ ನಾಲ್ಕು ಕ್ಯಾಸೆಟ್ಟುಗಳೊಂದಿಗೆ ನಾನು ಪುತ್ತೂರಿನ ಕಾಲೇಜಿಗೆ ಪಾಠ ಹೇಳಲು ಬಂದೆ. ಎಪ್ಪತ್ತರ ದಶಕದ ಕೊನೆ ಇರಬೇಕು. ಮೊದಲನೆಯದರಲ್ಲಿ ಪಿಯಾನೋ, ತುತ್ತೂರಿಗಳ ಜೊತೆ ಹಾಡುವ ಹಳೆಯ ಕಾಲದ ಹೆಂಗಸರು. ಎರಡನೆಯದರಲ್ಲಿ ಹತ್ತಿ ಬೆಳೆಯುವ ಸೀಮೆಯ ಒಂಟಿ ಗಂಡಸರು, ಕೈಯಲ್ಲಿ ಒಂದು ಗಿಟಾರು. ಮೂರನೆಯದು ಬೀದಿಯಲ್ಲಿ ನಿಂತು ಬಾರಿಸುತ್ತಿದ್ದ ಕುರುಡರದ್ದು. ನಾಲ್ಕನೆಯದು, ಉತ್ತರದ ದೊಡ್ಡ ಪೇಟೆಗೆ ರೈಲು ಹತ್ತಿ ಹೋಗಿ ಗಿಟಾರಿಗೆ ಕರೆಂಟು ಕೊಟ್ಟವರದ್ದು. ಈ ಕ್ರಮ ತಪ್ಪಿಸಿ ಕೇಳಿದವನು ಬ್ಲೂಸ್ ಕೇಳಿಯೇ ಇಲ್ಲ ಎಂಬುದು ನನ್ನ ಸಿದ್ಧಾಂತ. ಪುತ್ತೂರಿನಲ್ಲಿ ಅದನ್ನು ಯಾರೂ ವಿರೋಧಿಸಲಿಲ್ಲ. ಕೇಳಿದವರೇ ಇರಲಿಲ್ಲ.

ನನ್ನ ಮೊದಲ ಶಿಷ್ಯ ಸಿಕ್ಕಿದ್ದು ಸುಳ್ಯದಲ್ಲಿ. ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ಗೆಳೆಯ. ಊರಿಗೆ ಅವನು ಅಂಗಡಿಗಿಂತ ತಾಳಮದ್ದಳೆಯಿಂದ ಹೆಚ್ಚು ಗೊತ್ತು. ವೇಷ ಕಟ್ಟದೆ ಕುಳಿತೇ ನಡೆಸುವ ಯಕ್ಷಗಾನ ಅದು. ಭಾಗವತರು ಪದ ಹಾಡಿದ ಮೇಲೆ ಪಾತ್ರವಾಗಿ ಮಾತಾಡುವುದು ಅರ್ಥಧಾರಿಯ ಕೆಲಸ. ಇವನ ಕೃಷ್ಣನ ಅರ್ಥ ಕೇಳಲು ಕಡಬ, ರಾಮಕುಂಜದಿಂದೆಲ್ಲ ಜನ ಬರುತ್ತಿದ್ದರು. ಒಂದು ಪದಕ್ಕೆ ಮುಕ್ಕಾಲು ಗಂಟೆ ಮಾತಾಡಬಲ್ಲ ಈ ಮನುಷ್ಯ ಮನೆಯಲ್ಲಿ ಮಾತ್ರ ‘ಹ್ಞೂಂ’ ಬಿಟ್ಟರೆ ಬೇರೆ ಹೇಳುತ್ತಿರಲಿಲ್ಲ. ಮದುವೆಯಾಗಿ ವರ್ಷ ತುಂಬುವ ಮೊದಲು ಹೆಂಡತಿ ಮಂಡೆಕೋಲಿನ ತವರಿಗೆ ಹೋದಳು. ಹೊಸ ಸೊಸೆ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ತವರಿನಲ್ಲಿ ಕೂರುವುದು ನಮ್ಮ ಕಡೆಯ ಪದ್ಧತಿ, ಆದ್ದರಿಂದ ಕೇಳಿದವರಿಗೆಲ್ಲ ಅವನು “ಆಟಿಗೆ ಹೋದದ್ದು” ಎಂದ. ಆಟಿ ಕಳೆಯಿತು, ಚೌತಿ ಕಳೆಯಿತು. ನವರಾತ್ರಿಯೂ ಮುಗಿದ ಮೇಲೆ ಜನ ಕೇಳುವುದನ್ನು ನಿಲ್ಲಿಸಿದರು. ಅದು ಕೇಳುವುದಕ್ಕಿಂತ ಕೆಟ್ಟದಾಗಿತ್ತು. ಅವಳು ಬರುತ್ತಾಳೋ ಇಲ್ಲವೋ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಇವನಿಗೆ ಬ್ಲೂಸ್ ಬೇಕು ಎಂದು ನನಗೆ ಹೊಳೆಯಿತು. ಹೆಂಡತಿ ಬಿಟ್ಟುಹೋದ ಗಂಡಸರಿಗೆಂದೇ ಮಾಡಿದ ಸಂಗೀತ ಕೈಯಲ್ಲಿರುವಾಗ ಸುಮ್ಮನಿರುವುದು ಹೇಗೆ? ತುರ್ತಿನಲ್ಲಿ ಸಿದ್ಧಾಂತ ಬಿಟ್ಟು ಎರಡನೆಯ ಕ್ಯಾಸೆಟ್ ಹಿಡಿದು ಒಂದು ಭಾನುವಾರ ಮಧ್ಯಾಹ್ನ ಸುಳ್ಯದ ಬಸ್ಸು ಹತ್ತಿದೆ.

ಅವನ ಜಗಲಿಯಲ್ಲಿ ಅಜ್ಜಾವರದ ನಿವೃತ್ತ ಮಾಷ್ಟ್ರು ಕುಳಿತಿದ್ದರು, ತಾಳಮದ್ದಳೆಯಲ್ಲಿ ಹೆಣ್ಣು ಪಾತ್ರಗಳ ಅರ್ಥಕ್ಕೆ ಹೆಸರಾದವರು. ಆ ದಿನ ಅಲ್ಲಿದ್ದದ್ದು ಮಾಷ್ಟ್ರಲ್ಲ, ತನ್ನ ಸೋದರಮಾವ ಎಂದು ಗೆಳೆಯ ಈಗ ವಾದಿಸುತ್ತಾನೆ. ನನಗೆ ಮಾಷ್ಟ್ರ ಧ್ವನಿಯೇ ನೆನಪಿದೆ. ಆದರೆ ನನ್ನ ನೆನಪು ಒಳ್ಳೆಯ ಮಾತುಗಳನ್ನು ಒಳ್ಳೆಯ ಧ್ವನಿಗೆ ಒಪ್ಪಿಸಿಬಿಡುವಂಥದ್ದು.

ಗಲ್ಫಿನಿಂದ ಬಂದ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕುವ ಮೊದಲು ನಾನು ಗುಲಾಮಗಿರಿ, ಹತ್ತಿ, ನದಿ ಎಂದು ಒಂದು ಪೀರಿಯಡ್ ಪಾಠ ಮಾಡಿದೆ. ಮಾಷ್ಟ್ರು ಎಲೆ ಅಡಿಕೆ ಮುಗಿಸಿದರು. ಆಮೇಲೆ ಹಾಡು. ಹೆಂಗಸು ಪೆಟ್ಟಿಗೆ ಎತ್ತಿಕೊಂಡು ಹೋದಳು, ನಾಯಿಯೂ ಅವಳ ಹಿಂದೆಯೇ ಹೋಯಿತು ಎಂದು ಒಬ್ಬ ಗೋಳಾಡಿದ. ಅದೇ ಸಾಲನ್ನು ಇನ್ನೊಮ್ಮೆ ಹೇಳಿದ. ಮೂರನೆಯ ಸಾಲಿನಲ್ಲಿ, ನಾಯಿಗೆ ದಾರಿ ಗೊತ್ತು, ನನಗೆ ಗೊತ್ತಿಲ್ಲ ಎಂದ. ನಾನು ಕನ್ನಡದಲ್ಲಿ ವಿವರಿಸಿದೆ.

“ನಿಲ್ಲಿಸಿ ಲೆಕ್ಚರರೇ,” ಎಂದರು ಮಾಷ್ಟ್ರು. “ಪದ ಎರಡೆರಡು ಸಲ ಹೇಳಿ ಆಯ್ತಲ್ಲ. ಇನ್ನು ಅರ್ಥ ಹೇಳುದು ಯಾರು?”

“ಅರ್ಥ ಇಲ್ಲ ಮಾಷ್ಟ್ರೇ. ಇದು ಕೇಳುದು ಮಾತ್ರ.”

“ಇಷ್ಟು ಒಳ್ಳೆ ಪ್ರಸಂಗ ಉಂಟು, ಅರ್ಥ ಇಲ್ಲ ಅಂದ್ರೆ ಎಂತ ಮಾರಾಯ್ರೆ?” ಎಂದು ಅವರು ಗೆಳೆಯನ ಕಡೆ ತಿರುಗಿದರು. “ನೀನು ಹಿಡಿ. ಗಂಡನ ಪಾತ್ರ.”

ಅವನು ಬೇಡವೆನ್ನಬಹುದಿತ್ತು. ಆದರೆ ಪದ ಕೇಳಿ ಬಾಯಿ ಮುಚ್ಚಿ ಕೂರುವುದು ಅರ್ಥಧಾರಿಗೆ ಆಗದ ಮಾತು. ನೇರ ಕುಳಿತು, ಕಂಠ ಸರಿಮಾಡಿಕೊಂಡು ಶುರುಮಾಡಿದ. ಹತ್ತಿ ಹೊಲದ ಆ ಗಂಡನಿಗೆ ಸಂಸ್ಕೃತ ಶ್ಲೋಕಗಳೂ ಬರುತ್ತಿದ್ದವು. ಸಂಸಾರ, ವಿರಹ, ವಿಧಿ, ಶ್ವಾನದ ಕೃತಘ್ನತೆ, ಒಂದನ್ನೂ ಬಿಡಲಿಲ್ಲ. ನಾನು ಪ್ಲೇ ಗುಂಡಿಯ ಮೇಲೆ ಬೆರಳಿಟ್ಟು ಕುಳಿತೇ ಇದ್ದೆ.

ಅವನು ನಿಲ್ಲಿಸಿದಾಗ ಮಾಷ್ಟ್ರು ಹೆಂಡತಿಯಾದರು. ಧ್ವನಿ ಏರಿಸಲಿಲ್ಲ.

“ಸ್ವಾಮೀ, ಹೋದಳು ಹೋದಳು ಎಂದು ಊರಿಗೆಲ್ಲ ಎರಡು ಬಾರಿ ಸಾರಿದಿರಿ. ಏಕೆ ಹೋದೆ ಎಂದು ನನ್ನನ್ನು ಒಂದು ಬಾರಿಯಾದರೂ ಕೇಳಿದಿರಾ? ನಾಯಿ ಹಿಂದೆ ಬಂತೆಂದು ದೂರುವಿರಿ. ಆ ಮನೆಯಲ್ಲಿ ನಾನು ಮಾತಾಡಿದಾಗ ತಲೆಯೆತ್ತಿ ನೋಡುತ್ತಿದ್ದದ್ದು ಅದೊಂದೇ ಅಲ್ಲವೇ?”

ಸಭೆಯಲ್ಲಿ ಗೆಳೆಯ ಎದುರಾಳಿಗೆ ಉತ್ತರ ಕೊಡದೆ ಕುಳಿತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮಾಷ್ಟ್ರು ಶಾಲು ಕೊಡವಿ ಎದ್ದು, “ಚಹಾ ಮಾಡ್ಲಿಕ್ಕೆ ಯಾರಾದ್ರೂ ಉಂಟಾ ಈ ಮನೆಯಲ್ಲಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದರು.

ಮರುದಿನ ಅವನು ಅಂಗಡಿ ಮುಚ್ಚಿ ಮಂಡೆಕೋಲಿಗೆ ಹೋದ. ಅಲ್ಲಿ ನಡೆದದ್ದನ್ನು ನಾನು ಅವನ ಬಾಯಿಂದ ಕೇಳಿದ್ದು, ಆಮೇಲೆ ಅವಳ ಬಾಯಿಂದ ಬೇರೆ ರೀತಿಯಲ್ಲಿ ಕೇಳಿದ್ದು. ಇಬ್ಬರೂ ಒಪ್ಪುವ ಭಾಗ ಇಷ್ಟು: ಮಾವನ ಎದುರು ಕುಳಿತು ಅವನು ದಾಂಪತ್ಯದ ಬಗ್ಗೆ ಸುದೀರ್ಘ ಅರ್ಥ ಹೇಳಿದ. ಮಾವ ಮೆಚ್ಚಿ ತಲೆದೂಗಿದರು, ನೆರೆಮನೆಯವರು ಬಂದು ಕುಳಿತರು. ಅವಳು ಒಳಗಿಂದ, “ಅದೆಲ್ಲ ಸಭೆಯಲ್ಲಿ ಹೇಳುದು. ನನ್ನ ಹತ್ರ ಎಂತಾದ್ರೂ ಹೇಳ್ಲಿಕ್ಕೆ ಉಂಟಾ ಕೇಳಿ,” ಎಂದಳು. ತುಂಬ ಹೊತ್ತು ಯೋಚಿಸಿ ಅವನು, “ನಿನ್ನ ಊಟ ಆಯ್ತಾ?” ಎಂದ. ಅವಳು ಹೇಳುವ ಪ್ರಕಾರ ಅವನು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು.

ದೀಪಾವಳಿಗೆ ಅವಳು ಬಂದಳು. ಬ್ಲೂಸ್ ಸಾಧಿಸಿದ್ದನ್ನು ನೋಡಿ ಬರೋಣವೆಂದು ನಾಲ್ಕೂ ಕ್ಯಾಸೆಟ್ಟುಗಳೊಂದಿಗೆ ಹೋದೆ. ತನ್ನ ಗಂಡ ಸೋತ ಹಾಡು ಯಾವುದೆಂದು ಅವಳೇ ಕೇಳಿ ಹಾಕಿಸಿಕೊಂಡಳು. ಪಿ.ಯು.ಸಿ. ಓದಿದ್ದಳು, ಇಂಗ್ಲಿಷ್ ಸಾಕಷ್ಟು ಬರುತ್ತಿತ್ತು. ಪೂರ್ತಿ ಕೇಳಿದಳು.

“ಹೋದ ಮೇಲೆ ಇಷ್ಟು ಹೇಳ್ತಾನಲ್ಲ ಅಣ್ಣ. ಅವಳು ಇರುವಾಗ ಸ್ವಲ್ಪ ಹೇಳಿದ್ರೆ ಎಂತ ಆಗ್ತಿತ್ತು ಇವನಿಗೆ?”

ಹಾಗಾದರೆ ಈ ಸಂಗೀತವೇ ಹುಟ್ಟುತ್ತಿರಲಿಲ್ಲ ಎಂದು ನಾನು ಗಂಭೀರವಾಗಿ ಹೇಳಿದೆ. “ಹುಟ್ಟದಿದ್ರೆ ಬೇಡ,” ಎಂದಳು. “ಹೆಂಗಸರು ಹಾಡಿದ್ದು ಇಲ್ವಾ?”

ಮೊದಲನೆಯ ಕ್ಯಾಸೆಟ್ ಹಾಕಿದೆ. ಪಿಯಾನೋ ಶುರುವಾಯಿತು, ಒಬ್ಬಳು ದೊಡ್ಡ ಗಂಟಲಿನಲ್ಲಿ ಯಾರನ್ನೋ ಮನೆಯಿಂದ ಹೊರಗೆ ಹಾಕತೊಡಗಿದಳು. ಗೆಳೆಯನ ಹೆಂಡತಿ ಒಂದೆರಡು ಸಲ ನಕ್ಕಳು. ಹಿನ್ನೆಲೆ ವಿವರಿಸಲು ನಾನು ಸಿದ್ಧನಾಗುತ್ತಿದ್ದಂತೆ ಗೆಳೆಯ ಒಳಗಿಂದ ಬಂದು ಬಾಗಿಲಲ್ಲಿ ನಿಂತ.

“ಎಂತ ಹೇಳುದು ಅವಳು?” ಎಂದು ಕೇಳಿದ. ನನ್ನನ್ನಲ್ಲ.

“ಕೂತ್ಕೊಳ್ಳಿ, ಹೇಳ್ತೇನೆ,” ಎಂದಳು.